ಸೋರುವ ಟ್ಯಾಂಕಿನ ಪೂರ್ವೋತ್ತರ

ಕಳೆದ ಮಳೆಗಾಲದ ಮೊದಲ ವಾರ. ಪುಣೆಯಲ್ಲಿ ನಾವಿರುವ ಕಟ್ಟಡದ ಕೆಳಗೆ, ವಾಹನ ನಿಲ್ಲಿಸುವ ಜಾಗದಲ್ಲಿ, ಪೆಟ್ರೋಲಿನ ವಾಸನೆ ಬರುತ್ತಿದೆ ಎಂದು ಸೊಸೈಟಿಯ ಕಾರ್ಯದರ್ಶಿಗಳು ಫಲಕದ ಮೇಲೆ ನೋಟೀಸು ಅಂಟಿಸಿದರು. ನೋಟೀಸಿನಲ್ಲಿ ಯಾರ ಹೆಸರೂ ಇರಲಿಲ್ಲ. ಆದರೆ ಇಡೀ ಕಟ್ಟಡದಲ್ಲಿ ಐವತ್ತು ದಾಟಿದ ಮೋಟಾರ್ ಸೈಕಲ್ ಇರುವುದು ನನ್ನೊಬ್ಬನ ಬಳಿ ಮಾತ್ರ. ಬೆಳಿಗ್ಗೆ ಟಾರ್ಚು ಹಿಡಿದು ಕೆಳಗಿಳಿದು ನೋಡಿದೆ. ನಮ್ಮ ತಂದೆಯವರು 1971ರಲ್ಲಿ ಮೈಸೂರಿನಿಂದ ತಂದ ಜಾವಾ ಗಾಡಿಯ ಟ್ಯಾಂಕಿನ ಅಡಿಯಲ್ಲಿ, ಎಡಗಡೆಯ ಮೂಲೆಯಲ್ಲಿ, ಒಂದು ಹನಿ ನಿಂತಿತ್ತು. ಒರೆಸಿದೆ. ಎರಡು ನಿಮಿಷದೊಳಗೆ ಇನ್ನೊಂದು ಹನಿ ಕೂಡಿಕೊಂಡಿತು.

ನಾನು ಇತಿಹಾಸಕಾರನಲ್ಲ, ಮೆಕ್ಯಾನಿಕನೂ ಅಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತ ತಿರುವುವ ಗುಮಾಸ್ತ. ಎಂದೋ ಬಿ.ಎಸ್‌ಸಿ.ಗೆ ರಸಾಯನಶಾಸ್ತ್ರ ಓದಿದ್ದೆ ಎಂಬುದು ನನ್ನ ಸರ್ವಿಸ್ ಪುಸ್ತಕದ ಮೊದಲ ಪುಟದಲ್ಲಿ ಮಾತ್ರ ಉಳಿದಿರುವ ಸಂಗತಿ. ಆದರೆ ಕಡತ ತಿರುವುವವನಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಯಾವ ಅರ್ಜಿ ಮೇಜಿಗೆ ಬಂದರೂ ಇದರ ಹಿಂದಿನ ಪತ್ರವ್ಯವಹಾರ ಎಲ್ಲಿ ಎಂದು ಮೊದಲು ಹುಡುಕುವುದು. ಹಾಗೆ ಈ ಒಂದು ಹನಿಯ ಹಿಂದಿನ ಪತ್ರವ್ಯವಹಾರವನ್ನು ಹುಡುಕುತ್ತ ಹೋದೆ. ಅದು ನೂರಮೂವತ್ತು ವರ್ಷಗಳಷ್ಟು ಹಿಂದಕ್ಕೆ ಕರೆದುಕೊಂಡು ಹೋಯಿತು. ಓದುಗರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕೆಂದು ಕೋರುತ್ತೇನೆ.

ಅದಕ್ಕೆ ಮೊದಲು ಪ್ರಥಮ ಚಿಕಿತ್ಸೆಯ ಮಾತು. ಹಳೆಯ ಲಾರಿ ಡ್ರೈವರುಗಳಿಗೆಲ್ಲ ಗೊತ್ತಿರುವಂತೆ, ಬಟ್ಟೆ ಒಗೆಯುವ ಬಾರ್ ಸೋಪನ್ನು ತೂತಿನ ಮೇಲೆ ಗಟ್ಟಿಯಾಗಿ ಉಜ್ಜಿದರೆ ಸೋರುವುದು ಆ ಹೊತ್ತಿಗೆ ನಿಲ್ಲುತ್ತದೆ. ಸೋಪು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಅದೇ ಅದರ ಗುಟ್ಟು. ನಾನೂ ಉಜ್ಜಿದೆ. ನಿಂತಿತು. ಮಾರನೆಯ ದಿನ ಮತ್ತೆ ಜಿನುಗಿತು. ಏಕೆ ಎಂಬುದಕ್ಕೆ ಮುಂದೆ ಬರುತ್ತೇನೆ.

ಎಣ್ಣೆಯನ್ನು ನೆಲದಿಂದ ತೆಗೆದದ್ದು, ಬಟ್ಟಿ ಇಳಿಸಿದ್ದು, ಅದರಿಂದ ಎಂಜಿನ್ ತಿರುಗಿಸಿದ್ದು, ಇವುಗಳ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದನ್ನು ಸೋರದಂತೆ ಹಿಡಿದಿಟ್ಟದ್ದು ಹೇಗೆ ಎಂಬ ಕಥೆಯನ್ನು ಯಾರೂ ಹೇಳಿಕೊಡಲಿಲ್ಲ. ಪೆಟ್ರೋಲು ಬಲು ಚಪಲ ದ್ರವ. ಅದರ ಮೇಲ್ಮೈ ಎಳೆತ ನೀರಿನದರ ಮೂರನೆಯ ಒಂದು ಪಾಲು ಮಾತ್ರ. ನೀರು ತುಂಬಿಸಿದರೆ ಒಂದು ತೊಟ್ಟೂ ಸೋರದ ಪಾತ್ರೆಯಿಂದ ಪೆಟ್ರೋಲು ಆರಾಮವಾಗಿ ಒಸರಿಕೊಂಡು ಹೊರಬರುತ್ತದೆ. ಎರಡು ತಗಡುಗಳು ಕೂಡುವ ಗೆರೆಯನ್ನು ಹೊಲಿಗೆ ಎಂದು ಕರೆಯೋಣ. ಈ ಕಥೆಯೆಲ್ಲ ಆ ಹೊಲಿಗೆಯ ಕಥೆ, ಮತ್ತು ತಗಡಿನ ಒಳಮೈಗೆ ಬಳಿಯುವ ಲೇಪದ ಕಥೆ.

1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮರದ ಚೌಕಟ್ಟಿಗೆ ಎಂಜಿನ್ ಕೂಡಿಸಿ ಮಾಡಿದ ಗಾಡಿಯನ್ನು ಪೆಟ್ರೋಲಿನಿಂದ ಓಡಿದ ಮೊದಲ ಮೋಟಾರ್ ಸೈಕಲ್ ಎನ್ನುವುದು ವಾಡಿಕೆ. ಆಗ ಬಂಕುಗಳಿರಲಿಲ್ಲ. 1888ರಲ್ಲಿ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಕಾರಿನಲ್ಲಿ ತವರಿಗೆ ಹೊರಟಾಗ, ದಾರಿಯಲ್ಲಿ ವೀಸ್‌ಲೋಕ್ ಎಂಬ ಊರಿನ ಔಷಧದಂಗಡಿಯಲ್ಲಿ ಇಂಧನ ಕೊಂಡಳಂತೆ. ಸೀಸೆಗಳಲ್ಲಿ ಮಾರುವ ವಸ್ತುವಾಗಿದ್ದಷ್ಟು ಕಾಲ ಸೋರಿಕೆಯ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಅದರ ಅಣ್ಣನಾದ ಸೀಮೆಎಣ್ಣೆಗೆ.

ಸೀಮೆಎಣ್ಣೆ ಆಗ ಅಮೆರಿಕದಿಂದಲೂ ರಷ್ಯದಿಂದಲೂ ನಮ್ಮ ಕಡೆಗೆ ಬರುತ್ತಿದ್ದದ್ದು ನಾಲ್ಕು ಗ್ಯಾಲನ್ನಿನ, ಎಂದರೆ ಸುಮಾರು 18 ಲೀಟರಿನ, ತಗಡಿನ ಡಬ್ಬಗಳಲ್ಲಿ. ಒಂದು ಮರದ ಪೆಟ್ಟಿಗೆಗೆ ಎರಡು ಡಬ್ಬ. ತೆಳು ಉಕ್ಕಿನ ತಗಡಿಗೆ ತವರದ ಲೇಪ, ಅಂಚುಗಳನ್ನು ಮಡಿಸಿ ಸೀಸ-ತವರದ ಬೆಸುಗೆ. ಹಡಗಿನ ಕುಲುಕಾಟಕ್ಕೆ ಬೆಸುಗೆ ಬಿರಿದು ಎಷ್ಟೋ ಎಣ್ಣೆ ದಾರಿಯಲ್ಲೇ ಹೋಗುತ್ತಿತ್ತು. 1892ರಲ್ಲಿ ಲಂಡನ್ನಿನ ವ್ಯಾಪಾರಿ ಮಾರ್ಕಸ್ ಸ್ಯಾಮ್ಯುಯೆಲ್ ‘ಮ್ಯೂರೆಕ್ಸ್’ ಎಂಬ ಹಡಗಿನ ಹೊಟ್ಟೆಯನ್ನೇ ಟ್ಯಾಂಕು ಮಾಡಿ ಸೂಯೆಜ್ ಕಾಲುವೆಯ ಮೂಲಕ ಪೂರ್ವಕ್ಕೆ ಎಣ್ಣೆ ಕಳಿಸಿದ. ಡಬ್ಬದ ಖರ್ಚು ಉಳಿಯಿತು ಎಂದು ಅವನ ಲೆಕ್ಕ. ಜನ ತಮ್ಮ ತಮ್ಮ ಪಾತ್ರೆ ತಂದು ಎಣ್ಣೆ ಒಯ್ಯುತ್ತಾರೆ ಎಂದುಕೊಂಡಿದ್ದ. ಆದರೆ ಏಷ್ಯದ ಗಿರಾಕಿಗಳು ಅವನಿಗಿಂತ ಜಾಣರು. ಅವರಿಗೆ ಎಣ್ಣೆಯಷ್ಟೇ ಡಬ್ಬವೂ ಬೇಕಿತ್ತು! ಕೊನೆಗೆ ತಗಡು ತರಿಸಿ, ಅಲ್ಲಲ್ಲಿಯೇ ಡಬ್ಬ ಮಾಡಿಸಿ, ಕೆಂಪು ಬಣ್ಣ ಬಳಿಸಿ ಮಾರಬೇಕಾಯಿತು. ಅಮೆರಿಕದ ಕಂಪೆನಿಯ ನೀಲಿ ಡಬ್ಬಗಳು ಸಮುದ್ರಯಾನದಲ್ಲಿ ತುಕ್ಕು ಹಿಡಿದು ಬರುತ್ತಿದ್ದವಾದ್ದರಿಂದ ಹೊಸ ಕೆಂಪು ಡಬ್ಬಕ್ಕೆ ಬೇಡಿಕೆ ಹೆಚ್ಚಾಯಿತು. ಈ ಸ್ಯಾಮ್ಯುಯೆಲನ ಕಂಪೆನಿಯೇ ಮುಂದೆ ಶೆಲ್ ಎಂದು ಹೆಸರಾಯಿತು.

ನಮ್ಮ ಅಜ್ಜಿಯ ಮನೆಯಲ್ಲಿ ಅಕ್ಕಿಗೆ ಒಂದು, ಬೆಲ್ಲಕ್ಕೆ ಒಂದು, ದನದ ಹಿಂಡಿಗೆ ಒಂದು ಇಂಥ ಡಬ್ಬಗಳಿದ್ದವು. ಎಣ್ಣೆ ಮುಗಿದ ಡಬ್ಬವನ್ನು ಕತ್ತರಿಸಿ ಬುಡ್ಡಿದೀಪ, ಆಲಿಕೆ, ಮೊರ, ಪೆಟ್ಟಿಗೆ ಮಾಡಿಕೊಡುವವರು ಸಂತೆಯಲ್ಲಿ ಕೂಡುತ್ತಿದ್ದರು. ಆ್ಯಸಿಡ್ಡಿಗೆ ಸತುವಿನ ಚೂರು ಹಾಕಿ ‘ಕೊಂದು’, ಆ ನೀರನ್ನು ತಗಡಿಗೆ ಸವರಿ, ಕಾಯಿಸಿದ ತಾಮ್ರದ ತುಂಡಿನಿಂದ ಬೆಸುಗೆ ಎಳೆಯುವ ವಿದ್ಯೆ ಅವರ ಕೈಯಲ್ಲಿತ್ತು. ಕಾಲೇಜಿನಲ್ಲಿ ಇದನ್ನೇ ನನಗೆ ಸತುವಿನ ಕ್ಲೋರೈಡು, ಆಕ್ಸೈಡಿನ ಪದರವನ್ನು ಕರಗಿಸುತ್ತದೆ ಎಂದು ಹೇಳಿಕೊಟ್ಟರು. ಸಂತೆಯವರಿಗೆ ಈ ಹೆಸರುಗಳು ಬೇಕಿರಲಿಲ್ಲ.

ಆರಂಭದ ಮೋಟಾರ್ ಸೈಕಲ್ಲುಗಳ ಟ್ಯಾಂಕು ಇಂಥದೇ ಒಂದು ಡಬ್ಬ. ಸೈಕಲ್ ಚೌಕಟ್ಟಿನ ಮೇಲಿನ ಎರಡು ಕೊಳವೆಗಳ ನಡುವೆ ಚಪ್ಪಟೆಯಾದ ತಗಡಿನ ಪೆಟ್ಟಿಗೆಯನ್ನು ತೂಗುಹಾಕುತ್ತಿದ್ದರು. ನಾಲ್ಕೂ ಕಡೆ ಮಡಿಕೆ, ನಾಲ್ಕೂ ಕಡೆ ಬೆಸುಗೆ. ಕೆಳಗೆ ಕಾದ ಎಂಜಿನ್. ರಸ್ತೆಯ ಅದುರಾಟಕ್ಕೆ ಬೆಸುಗೆ ಬಿಟ್ಟರೆ ಹನಿ ಬೀಳುವುದು ಅದರ ಮೇಲೇ. ಶುದ್ಧ ತವರ ಕರಗುವುದು 232 ಡಿಗ್ರಿಯಲ್ಲಿ. ಸೀಸ ಬೆರೆಸಿ ಹದಮಾಡಿದರೆ 183ಕ್ಕೇ ಕರಗುತ್ತದೆ. ಕೆಲಸಗಾರನಿಗೆ ಇದು ಅನುಕೂಲ. ಆದರೆ ಬೆಸುಗೆ ಅಂಟೇ ಹೊರತು ಉಕ್ಕಲ್ಲ. ಎಳೆತ, ಅದುರು ಎರಡೂ ಅದಕ್ಕೆ ಆಗಿಬರುವುದಿಲ್ಲ.

1920ರ ದಶಕದ ನಡುವಿನಲ್ಲಿ ಬ್ರಿಟನ್ನಿನ ಎಚ್.ಆರ್.ಡಿ. ಮೊದಲಾದ ಕಂಪೆನಿಗಳು ಟ್ಯಾಂಕನ್ನು ಕೊಳವೆಗಳ ನಡುವಿನಿಂದ ಎತ್ತಿ, ಕುದುರೆಗೆ ಜೀನು ಹಾಕಿದಂತೆ ಕೊಳವೆಯ ಮೇಲೆ ಕೂರಿಸಿದವು. ದಶಕ ಮುಗಿಯುವುದರೊಳಗೆ ಇತರರೂ ಅದನ್ನೇ ಅನುಸರಿಸಿದರು. ಟ್ಯಾಂಕು ಆಗ ಅಂದವಾಯಿತು. ಅಷ್ಟೇ ಅಲ್ಲ, ಅಚ್ಚಿನಲ್ಲಿ ಒತ್ತಿದ ದೊಡ್ಡ ತುಂಡುಗಳನ್ನು ಕೂಡಿಸಿ ಮಾಡುವುದರಿಂದ ಹೊಲಿಗೆಗಳ ಸಂಖ್ಯೆ ಕಡಿಮೆಯಾಯಿತು. ಫ್ರಾನ್ಸಿನಲ್ಲಿ 1903ರ ಹೊತ್ತಿಗೇ ಅಸಿಟಿಲೀನ್ ಜ್ವಾಲೆಯ ಗ್ಯಾಸ್ ವೆಲ್ಡಿಂಗ್ ಬಂದಿತ್ತು. ತಗಡುಗಳ ಅಂಚನ್ನು ತಾಮ್ರದ ಗಾಲಿಗಳ ನಡುವೆ ಹಾಯಿಸಿ ವಿದ್ಯುತ್ತಿನಿಂದ ಬೆಸೆಯುವ ಯಂತ್ರಗಳೂ ಬಂದವು. ಅಂಟಿನ ಬದಲು ಉಕ್ಕಿಗೆ ಉಕ್ಕೇ ಕೂಡಿಕೊಂಡಿತು. ಆದರೆ ಜೀನಿನ ಆಕಾರದಿಂದ ಒಂದು ಹೊಸ ತೊಂದರೆಯೂ ಬಂತು. ಕೊಳವೆಯ ಎರಡೂ ಪಕ್ಕಕ್ಕೆ ಇಳಿಬಿದ್ದ ಎರಡು ಜೋಲುಗಳು. ಅವುಗಳ ತಳವೇ ಟ್ಯಾಂಕಿನ ಅತಿ ತಗ್ಗಿನ ಜಾಗ. ನೀರು ಪೆಟ್ರೋಲಿಗಿಂತ ಭಾರ. ಟ್ಯಾಂಕಿಗೆ ಹೇಗೋ ಸೇರಿದ ನೀರೆಲ್ಲ ಅಲ್ಲಿ ಹೋಗಿ ಕೂರುತ್ತದೆ. ನನ್ನ ಗಾಡಿಯ ಹನಿ ನಿಂತಿದ್ದದ್ದೂ ಸರಿಯಾಗಿ ಅಲ್ಲಿಯೇ.

ಇಲ್ಲಿ ಎರಡನೆಯ ಮಹಾಯುದ್ಧದ ಒಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಇದು ಮೋಟಾರ್ ಸೈಕಲ್ಲಿನದಲ್ಲ, ಡಬ್ಬದ್ದು. ಆದರೆ ಹೊಲಿಗೆಗೂ ಒಳಲೇಪಕ್ಕೂ ಎಷ್ಟು ಬೆಲೆ ಎಂಬುದು ಇದರಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿಯುವುದಿಲ್ಲ.

ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಬ್ರಿಟಿಷ್ ಸೇನೆ ಪೆಟ್ರೋಲ್ ಸಾಗಿಸುತ್ತಿದ್ದದ್ದು ನಮ್ಮ ಸೀಮೆಎಣ್ಣೆ ಡಬ್ಬದ ಸೋದರನಂಥ ನಾಲ್ಕು ಗ್ಯಾಲನ್ ಡಬ್ಬದಲ್ಲಿ. ಸೈನಿಕರು ಅದಕ್ಕೆ ಇಟ್ಟ ಹೆಸರು ‘ಫ್ಲಿಮ್ಸಿ’, ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಲಡ್ಡು’. ಉಗ್ರಾಣದಿಂದ ಹೊರಟ ಪೆಟ್ರೋಲಿನಲ್ಲಿ ನೂರಕ್ಕೆ ಮೂವತ್ತರಷ್ಟು ಟ್ಯಾಂಕಿಗೆ ಸೇರುವ ಮೊದಲೇ ಸೋರಿಹೋಗುತ್ತಿತ್ತು ಎಂದು ಅಲ್ಲಿನ ಸೇನಾಪತಿಗಳೇ ಲೆಕ್ಕ ಕೊಟ್ಟಿದ್ದಾರೆ. ಖಾಲಿ ಡಬ್ಬಗಳಲ್ಲಿ ಮರಳು ತುಂಬಿ ಸೈನಿಕರು ಚಹಾ ಕಾಯಿಸಿಕೊಳ್ಳುತ್ತಿದ್ದರಂತೆ. ಅದೊಂದೇ ಅದರ ಸದುಪಯೋಗ.

ಎದುರು ಪಕ್ಷದ ಜರ್ಮನರ ಬಳಿ ಬೇರೆಯ ಡಬ್ಬವಿತ್ತು. 1937ರಲ್ಲಿ ಷ್ವೆಲ್ಮ್ ಎಂಬ ಊರಿನ ಕಾರ್ಖಾನೆಯಲ್ಲಿ ವಿನ್‌ಸೆಂಟ್ಸ್ ಗ್ರುನ್‌ಫೋಗೆಲ್ ಎಂಬ ಎಂಜಿನಿಯರ್ ರೂಪಿಸಿದ್ದು. ಇಪ್ಪತ್ತು ಲೀಟರಿನ ಡಬ್ಬ. ಅಚ್ಚಿನಲ್ಲಿ ಒತ್ತಿದ ಎರಡೇ ಅರ್ಧಗಳು, ನಡುವೆ ಒಂದೇ ವೆಲ್ಡಿಂಗ್ ಹೊಲಿಗೆ. ಆ ಹೊಲಿಗೆಯೂ ಪೆಟ್ಟು ತಾಗದಂತೆ ಕೊಂಚ ತಗ್ಗಿನಲ್ಲಿ. ಒಳಮೈಗೆ ಪೆಟ್ರೋಲು ತಿನ್ನಲಾರದ ಲೇಪ. ಬಾಯಿಗೆ ಸ್ಪ್ಯಾನರ್ ಬೇಡದ ಒತ್ತುಮುಚ್ಚಳ. ಮೇಲೆ ಮೂರು ಹಿಡಿಗಳು, ಒಬ್ಬನೂ ಹೊರಬಹುದು, ಇಬ್ಬರೂ ಹೊರಬಹುದು. ಇಂದು ನಾವು ಜೆರಿಕ್ಯಾನ್ ಎನ್ನುವುದು ಇದನ್ನೇ.

ಇದರ ರಹಸ್ಯ ಹೊರಬಿದ್ದದ್ದು ನಮ್ಮ ಕಲ್ಕತ್ತೆಯ ದಾರಿಯಾಗಿ! 1939ರಲ್ಲಿ ಬರ್ಲಿನ್ನಿನಲ್ಲಿ ಕೆಲಸದಲ್ಲಿದ್ದ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರ್ ಜರ್ಮನ್ ಮಿತ್ರನೊಬ್ಬನೊಂದಿಗೆ ಕಾರಿನಲ್ಲಿ ಭಾರತಕ್ಕೆ ಹೊರಟ. ದಾರಿಗೆ ನೀರು ಒಯ್ಯಲು ಪಾತ್ರೆ ಬೇಕಾಗಿ, ಆ ಮಿತ್ರ ವಿಮಾನ ನಿಲ್ದಾಣದ ಉಗ್ರಾಣದಿಂದ ಇಂಥ ಮೂರು ಡಬ್ಬ ತಂದಿದ್ದ. ನಡುದಾರಿಯಲ್ಲಿ ಜರ್ಮನ್ ಸರ್ಕಾರ ಅವನನ್ನು ವಾಪಸು ಕರೆಸಿಕೊಂಡಿತು. ಹೋಗುವ ಮುನ್ನ ಅವನು ಡಬ್ಬ ಮಾಡುವ ವಿವರವನ್ನೆಲ್ಲ ಗೆಳೆಯನಿಗೆ ಹೇಳಿ ಹೋದ. ಪ್ಲೈಸ್ ಒಬ್ಬನೇ ಕಲ್ಕತ್ತೆ ಮುಟ್ಟಿ, ಕಾರನ್ನು ಅಲ್ಲಿ ಬಿಟ್ಟು, ಊರಿಗೆ ಹೋಗಿ ಸೇನೆಯವರಿಗೆ ಹೇಳಿದ. ಮಾದರಿ ಇಲ್ಲದೆ ಯಾರೂ ಕಿವಿಗೊಡಲಿಲ್ಲ. (ಕಚೇರಿಗಳು ಎಲ್ಲ ದೇಶದಲ್ಲೂ ಒಂದೇ.) ಕೊನೆಗೆ ಇಡೀ ಕಾರನ್ನೇ ಕಲ್ಕತ್ತೆಯಿಂದ ಹಡಗಿನಲ್ಲಿ ತರಿಸಿಕೊಂಡ. 1940ರ ಬೇಸಿಗೆಯಲ್ಲಿ ಅದು ನ್ಯೂಯಾರ್ಕ್ ಮುಟ್ಟಿದಾಗ ಮೂರೂ ಡಬ್ಬಗಳು ಅದರಲ್ಲಿದ್ದವು. ಒಂದನ್ನು ವಾಷಿಂಗ್‌ಟನ್ನಿಗೆ ಕಳಿಸಿದ.

ಅಲ್ಲಿನವರು ಮೊದಲು ಬೇಡವೆಂದರು. ಆಮೇಲೆ ಆಕಾರವನ್ನು ಮಾತ್ರ ನಕಲು ಮಾಡಿದರು. ವೆಲ್ಡಿಂಗ್ ಬದಲು ಮಡಿಸಿದ ಹೊಲಿಗೆ ಹಾಕಿದರು, ಒಳಲೇಪವನ್ನು ಕೈಬಿಟ್ಟರು, ಮುಚ್ಚಳಕ್ಕೆ ಸ್ಪ್ಯಾನರ್ ಬೇಕಾಗುವಂತೆ ಮಾಡಿದರು. ನೋಡಲು ಅದೇ ಡಬ್ಬ, ಸೋರುವುದರಲ್ಲಿ ಹಳೆಯ ಡಬ್ಬ! ಬ್ರಿಟಿಷರು ಮಾತ್ರ ಮರಳುಗಾಡಿನಲ್ಲಿ ಶತ್ರುವಿನಿಂದ ಕಸಿದುಕೊಂಡ ಡಬ್ಬಗಳನ್ನು ಕಣ್ಣಿಗೊತ್ತಿಕೊಂಡು ಬಳಸಿ, ಕೊನೆಗೆ ಅದನ್ನು ಹೊಲಿಗೆ ಸಮೇತ ನಕಲು ಮಾಡಿದರು.

ಯುದ್ಧ ಮುಗಿದ ಮೇಲೆ ಸೇನೆಯ ಡಿಸ್ಪೋಸಲ್ಲಿನಲ್ಲಿ ಬಂದ ಮೋಟಾರ್ ಸೈಕಲ್ಲುಗಳು ನಮ್ಮ ಊರುಗಳಲ್ಲಿ ಕೆಲಕಾಲ ಓಡಿದವು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಬಂತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ, ಚೆಕೊಸ್ಲೊವಾಕಿಯದ ಜಾವಾ ಕಂಪೆನಿಯ ಪರವಾನಗಿ ಪಡೆದು, ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. 1970ರ ದಶಕದ ನಡುವಿನಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೈಸೂರು ಸೀಮೆಯಲ್ಲಿ ಬೆಳೆದ ನಮ್ಮ ವಯಸ್ಸಿನವರಿಗೆ ಆ ಎರಡು ಸೈಲೆನ್ಸರುಗಳ ಸದ್ದು ಕೇಳಿದರೆ ಈಗಲೂ ಕತ್ತು ತಾನಾಗಿ ತಿರುಗುತ್ತದೆ.

ನಮ್ಮ ತಂದೆಯವರು ಹಾಸನ ಜಿಲ್ಲೆಯಲ್ಲಿ ಹೈಸ್ಕೂಲ್ ಮಾಸ್ತರರಾಗಿದ್ದರು. ಗಾಡಿಯ ಬಗ್ಗೆ ಅವರ ಒಂದು ಮಾತು ನಮ್ಮ ಮನೆಯಲ್ಲಿ ಗಾದೆಯಂತೆ ಇತ್ತು: “ತಗೊಂಡ ದಿನದಿಂದ ಒಂದು ಹನಿ ಸೋರಿಲ್ಲ.” ಯಾರು ಗಾಡಿ ನೋಡಲು ಬಂದರೂ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಇದನ್ನು ಹೇಳುತ್ತಿದ್ದರು. ಸೋರದೆ ಇರಲು ಒಂದು ಕಾರಣವೂ ಇತ್ತೆಂದು ನನಗೆ ಈಗ ತೋರುತ್ತದೆ. ಆ ಗಾಡಿಗಳಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕಬೇಕಿತ್ತು. ಆ ಎಣ್ಣೆಯ ಜಿಡ್ಡು ಟ್ಯಾಂಕಿನ ಒಳಮೈಗೂ ಅಂಟಿ ಕಾಯುತ್ತಿತ್ತು. ದಿನವೂ ಓಡುವ ಗಾಡಿಗೆ ಅಷ್ಟು ಸಾಕು. ನಿಂತ ಗಾಡಿಗೆ ಸಾಲದು.

2009ರಲ್ಲಿ ತಂದೆಯವರು ತೀರಿಕೊಂಡ ಮೇಲೆ ಗಾಡಿ ಮೂರು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು, ಅರ್ಧ ಟ್ಯಾಂಕು ಪೆಟ್ರೋಲಿನೊಂದಿಗೆ. ತಪ್ಪು ನನ್ನದೇ. ಟ್ಯಾಂಕು ಉಸಿರಾಡುವ ವಸ್ತು. ಹಗಲು ಕಾದಾಗ ಒಳಗಿನ ಗಾಳಿ, ಆವಿ ಮುಚ್ಚಳದ ಕಿಂಡಿಯಿಂದ ಹೊರಹೋಗುತ್ತದೆ. ರಾತ್ರಿ ತಣಿದಾಗ ಹೊರಗಿನ ತೇವದ ಗಾಳಿ ಒಳಬರುತ್ತದೆ. ಆ ತೇವ ತಣ್ಣಗಿನ ತಗಡಿನ ಮೇಲೆ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ಒಂದೊಂದು ದಿನಕ್ಕೆ ಲೆಕ್ಕಕ್ಕಿಲ್ಲದಷ್ಟು. ಮೂರು ಮಳೆಗಾಲಕ್ಕೆ ಕಣ್ಣಿಗೆ ಕಾಣುವಷ್ಟು. ಗಾಡಿಯನ್ನು ಲಾರಿಯಲ್ಲಿ ಪುಣೆಗೆ ತರಿಸಿ ಟ್ಯಾಂಕು ಬಗ್ಗಿಸಿದಾಗ ಕಾಫಿ ಡಿಕಾಕ್ಷನ್ನಿನಂಥ ದ್ರವ ಬಂತು.

2013ರಲ್ಲಿ ಒಬ್ಬ ಮೆಕ್ಯಾನಿಕ್ ಒಳಗೆ ಒಂದು ರಾಳದ ಲೇಪ ಹಾಕಿಕೊಟ್ಟ. ಎರಡು ಸೀಸೆಗಳ ದ್ರವವನ್ನು ಬೆರೆಸಿ, ಟ್ಯಾಂಕಿಗೆ ಸುರಿದು, ಎಲ್ಲ ಮಗ್ಗುಲಿಗೂ ಹೊರಳಿಸಿ ಒಣಗಿಸುವುದು. ಈ ಎಪಾಕ್ಸಿ ರಾಳಗಳ ವಂಶಾವಳಿಯೂ ದೊಡ್ಡದೇ: ಸ್ವಿಟ್ಜರ್ಲೆಂಡಿನ ಪಿಯೆರ್ ಕಾಸ್ತಾನ್ 1938ರಲ್ಲಿ ಪೇಟೆಂಟ್ ಪಡೆದದ್ದು ಹಲ್ಲು ಕಟ್ಟುವ ವಸ್ತುವಿಗಾಗಿ, ಅದೇ ಯುದ್ಧಾನಂತರ ಅರಾಲ್ಡೈಟ್ ಎಂಬ ಅಂಟಾಗಿ ಮನೆಮನೆಗೆ ಬಂತು. ನನ್ನ ಟ್ಯಾಂಕಿನ ಲೇಪ ಹತ್ತು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಕೆಟ್ಟಿತು.

ಕೆಡಲು ಎರಡು ಕಾರಣ. ಒಂದು, ತುಕ್ಕನ್ನು ಪೂರ್ತಿ ತೆಗೆಯದೆ ಮೇಲೆ ಬಳಿದದ್ದು. ತುಕ್ಕಿಗೆ ಅಂಟಿದ ಲೇಪ ತುಕ್ಕಿನೊಡನೆಯೇ ಏಳುತ್ತದೆ. ಇನ್ನೊಂದು, ನಡುವೆ ಪೆಟ್ರೋಲೇ ಬದಲಾದದ್ದು. 2003ರಿಂದ ಕೆಲವು ರಾಜ್ಯಗಳಲ್ಲಿ ನೂರಕ್ಕೆ ಐದರಷ್ಟು ಎಥೆನಾಲ್, ಎಂದರೆ ಮದ್ಯಸಾರ, ಬೆರೆಸತೊಡಗಿದರು. 2022ಕ್ಕೆ ಅದು ಹತ್ತಾಯಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇಪ್ಪತ್ತರ ಬೆರಕೆಗೆ ಚಾಲನೆ ದೊರೆಯಿತು. ಎಲ್ಲ ಲೇಪಗಳೂ ಮದ್ಯಸಾರಕ್ಕೆ ತಡೆಯುವುದಿಲ್ಲ. ಕೆಲವು ಮೆತ್ತಗಾಗಿ ಉಬ್ಬುತ್ತವೆ. ಮದ್ಯಸಾರ ನೀರನ್ನು ಎಳೆದುಕೊಳ್ಳುತ್ತದೆ, ಒಂದು ಮಿತಿಯವರೆಗೆ ಕರಗಿಸಿಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ಎರಡೂ ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಬಾರ್ ಸೋಪಿನ ವೈದ್ಯ ಒಂದೇ ದಿನಕ್ಕೆ ಕೈಕೊಟ್ಟದ್ದಕ್ಕೂ ಇದೇ ಕಾರಣವಿರಬೇಕು: ಸೋಪು ಪೆಟ್ರೋಲಿಗೆ ಬಗ್ಗದಿದ್ದರೂ ಮದ್ಯಸಾರಕ್ಕೆ ಬಗ್ಗುತ್ತದೆ.

ಈ ನೀತಿಯ ಗುಣಾವಗುಣ ಹೇಳಲು ನಾನು ಅರ್ಹನಲ್ಲ. ಸರ್ಕಾರಿ ನೌಕರರ ನಡತೆ ನಿಯಮಗಳೂ ಅಡ್ಡ ಬರುತ್ತವೆ. ಇದು ಹೊಸದಲ್ಲ ಎಂದು ಮಾತ್ರ ಹೇಳಬಹುದು. 1930ರ ದಶಕದಲ್ಲಿ ದೇಶದಲ್ಲೆಲ್ಲ ಸಕ್ಕರೆ ಕಾರ್ಖಾನೆಗಳು ಎದ್ದವು. ಮಂಡ್ಯದ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾದದ್ದೂ 1933ರಲ್ಲಿಯೇ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಏನು ಮಾಡುವುದು? ಅದರಿಂದ ಮದ್ಯಸಾರ ಇಳಿಸಿ ಪೆಟ್ರೋಲಿಗೆ ಬೆರೆಸುವ ವಿಚಾರ ಆಗಲೇ ಬಂತು. 1948ರಲ್ಲಿ ಇದಕ್ಕಾಗಿ ‘ಇಂಡಿಯನ್ ಪವರ್ ಆಲ್ಕೊಹಾಲ್ ಆ್ಯಕ್ಟ್’ ಎಂಬ ಕೇಂದ್ರ ಕಾಯಿದೆಯೇ ಆಯಿತು. ಬಳಕೆಯಲ್ಲಿಲ್ಲವೆಂದು ಅದನ್ನು ರದ್ದು ಮಾಡಿದ್ದು 2000ದಲ್ಲಿ. ಮೂರೇ ವರ್ಷಕ್ಕೆ ಬೆರಕೆ ಮತ್ತೆ ಆರಂಭವಾಯಿತು! ಹಳೆಯ ಕಡತಗಳನ್ನು ನಾಶಮಾಡುವ ಮುನ್ನ ಎರಡು ಸಲ ಯೋಚಿಸಬೇಕೆಂದು ನಮ್ಮ ಸೆಕ್ಷನ್ ಆಫೀಸರರು ಹೇಳುವುದು ಸುಮ್ಮನೆ ಅಲ್ಲ.

ಇರಲಿ. ಟ್ಯಾಂಕು ಬಿಚ್ಚಿಕೊಂಡು ನಾನಾ ಪೇಟೆಯ ಕಡೆ ಹೊರಟೆ. ಇಬ್ಬರು ಮೂವರು ವೆಲ್ಡಿಂಗ್‌ನವರು ನೋಡಿ ಕೈಮುಗಿದರು. ಒಬ್ಬರು ಹೊಸ ಟ್ಯಾಂಕು ಹಾಕಿಸಿರೆಂದರು. ಕೊನೆಗೆ ಹಳೆಯ ಲಾರಿಗಳ ರೇಡಿಯೇಟರ್ ಬೆಸೆಯುವ ವೃದ್ಧರೊಬ್ಬರು ಸಿಕ್ಕರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಟ್ಯಾಂಕಿನ ಬಾಯಿಗೆ ಮೂಗು ಹಿಡಿದು, “ಸಾಹೇಬ, ಎಷ್ಟು ದಿನದಿಂದ ಖಾಲಿ?” ಎಂದು ಹಿಂದಿಯಲ್ಲಿ ಕೇಳಿದರು. ಎರಡು ದಿನ ಎಂದೆ. “ತುಂಬಿದ ಟ್ಯಾಂಕಿಗೆ ನಾನು ಹೆದರುವುದಿಲ್ಲ, ಖಾಲಿಯದಕ್ಕೆ ಹೆದರುತ್ತೇನೆ” ಎಂದು ಎಡಗೈ ತೋರಿಸಿದರು. ಮೊಣಕೈವರೆಗೆ ಸುಟ್ಟ ಕಲೆ. ಹದಿನಾರನೆಯ ವಯಸ್ಸಿನಲ್ಲಿ, ಅವರ ಉಸ್ತಾದರು ‘ಖಾಲಿ’ ಡ್ರಮ್ಮಿಗೆ ಗ್ಯಾಸ್ ಹಿಡಿದ ದಿನದ್ದು. ಉಸ್ತಾದರು ಉಳಿಯಲಿಲ್ಲ.

ಮನೆಗೆ ಬಂದು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಿದೆ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು ಒಂದೂವರೆಯಿಂದ ಏಳೂವರೆ ಪಾಲು ಇದ್ದಾಗ ಮಾತ್ರ ಹತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಇದಕ್ಕಿಂತ ಬಹಳ ದಟ್ಟ. ಹದಿಮೂರು ಲೀಟರಿನ ಖಾಲಿ ಟ್ಯಾಂಕು ಸಿಡಿಯಲು ಕಾಲು ಚಮಚ ಪೆಟ್ರೋಲ್ ಸಾಕು. ತುಕ್ಕಿನ ಸಂದಿಯಲ್ಲಿ ಅಷ್ಟು ಯಾವಾಗಲೂ ಇದ್ದೇ ಇರುತ್ತದೆ. ಚಾಚಾ ನಾಲ್ಕು ಸಲ ಕುದಿಯುವ ನೀರು, ಸೋಡಾ ಹಾಕಿ ತೊಳೆದು, ಎರಡು ದಿನ ನೀರು ತುಂಬಿಸಿಟ್ಟರು. ನನಗೆ ಅವಸರವಾಗಿತ್ತು; ಅವರಿಗಿರಲಿಲ್ಲ.

ಮೂರನೆಯ ದಿನ ಹೋದಾಗ ರಾಳದ ಲೇಪವೆಲ್ಲ ಹಾವಿನ ಪೊರೆಯಂತೆ ಬಾಯಿಂದ ಎದ್ದು ಬರುತ್ತಿತ್ತು. ತಳದ ಬಣ್ಣವನ್ನು ಚಾಚಾ ಕೆರೆದಿದ್ದರು. ಸೋರುವ ತೂತು ಸೂಜಿಮೊನೆಯಷ್ಟು. ಅದರಿಂದ ನಾಲ್ಕು ಬೆರಳು ಆಚೆಗೆ, ಹೊಲಿಗೆಯ ಮೇಲೆ, ಎರಡು ಬೆರಳಗಲದ ಒಂದು ತೇಪೆ! ಸುತ್ತ ಬೆಳ್ಳಗೆ ಹೊಳೆಯುವ ಬೆಸುಗೆ. ಚಾಚಾ ಉಗುರಿನಿಂದ ಗೀರಿ, “ಇದು ಬರಿಯ ತವರ, ಸೀಸವಿಲ್ಲ. ಕಲಾಯಿಯವನ ಕೈ. ನಲವತ್ತು ವರ್ಷದ ಮೇಲಾಗಿದೆ. ಯಾರು ಮಾಡಿಸಿದ್ದು?” ಎಂದರು. ನಾನು ಏನು ಹೇಳಲಿ? ತಗೊಂಡ ದಿನದಿಂದ ಒಂದು ಹನಿ ಸೋರಿಲ್ಲದ ಟ್ಯಾಂಕು ಅದು.

ಆ ರಾತ್ರಿ ಹಾಸನಕ್ಕೆ ಫೋನು ಮಾಡಿ ಅಮ್ಮನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಮ್ಮ ನಕ್ಕರು. “ನೀನು ಹೊಟ್ಟೇಲಿದ್ದೆ ಕಣೋ. ಅರಸೀಕೆರೆ ರಸ್ತೇಲಿ ಎತ್ತಿನ ಗಾಡಿಗೆ ಹೊಡೆದು ಬಿದ್ದಿದ್ರು. ನಿಮ್ಮ ತಾತನಿಗೆ ಗೊತ್ತಾದ್ರೆ ಗಾಡಿ ಮಾರಿಸ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ. ಪಾತ್ರೆಗೆ ಕಲಾಯಿ ಹಾಕೋನು ಬಂದಿದ್ದ. ನನ್ನ ಹಿತ್ತಾಳೆ ಪಾತ್ರೆಗಳ ಮಧ್ಯೆ ಟ್ಯಾಂಕನ್ನೂ ಇಟ್ಟುಬಿಟ್ರು. ಬಣ್ಣ ತಾವೇ ಬಳಿದ್ರು, ಆಯುಧಪೂಜೆಗೆ ಅಂತ ಹೇಳಿ.” ತಾತ ತೀರಿಕೊಂಡ ಮೇಲಾದರೂ ಹೇಳಬಹುದಿತ್ತಲ್ಲ ಎಂದೆ. “ಅಷ್ಟರಲ್ಲಿ ಅವರಿಗೇ ಮರೆತುಹೋಗಿತ್ತೇನೋ” ಎಂದರು ಅಮ್ಮ.

ಕಲಾಯಿಯವನನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ. ಹಿತ್ತಲಲ್ಲಿ ಗುಳಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ ಪಾತ್ರೆ ಕಾಯಿಸುತ್ತಿದ್ದ. ನವಸಾಗರದ ಪುಡಿ ಎರಚಿದರೆ ಬೆಳ್ಳಗೆ ಹೊಗೆ ಎದ್ದು ಕಣ್ಣು ಉರಿಯುತ್ತಿತ್ತು. ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒರೆಸಿದರೆ ಪಾತ್ರೆ ಬೆಳ್ಳಿಯಾಗುತ್ತಿತ್ತು. ಹುಳಿ ಮಾಡಿದರೆ ಪಾತ್ರೆ ಕಿಲುಬದಂತೆ ಕಾಯುವ ಈ ಲೇಪವೂ, ಅಮೆರಿಕದ ಮೋಟಾರು ಕಾರುಗಳ ಪೆಟ್ರೋಲ್ ಟ್ಯಾಂಕುಗಳಿಗೆ ದಶಕಗಳ ಕಾಲ ಕಾರ್ಖಾನೆಯಲ್ಲೇ ಹಾಕುತ್ತಿದ್ದ ಸೀಸ-ತವರದ ಲೇಪವೂ ಒಂದೇ ವಿದ್ಯೆ. ಇದಕ್ಕೂ ಆಯಸ್ಸಿದೆ. ನೀರು ಕುಡಿದ ಮದ್ಯಸಾರಕ್ಕೆ ಸೀಸದ ಲೇಪವೂ ಅಷ್ಟಾಗಿ ಒಗ್ಗುವುದಿಲ್ಲ. ಆದ್ದರಿಂದ ಹೊಸ ತೇಪೆಯನ್ನೂ ಬರಿಯ ತವರದಿಂದಲೇ ಹಾಕುವುದೆಂದು ಚಾಚಾ, ನಾನು ಇಬ್ಬರೂ ಒಪ್ಪಿದೆವು. ಗ್ಯಾಸ್ ಹಿಡಿದರೆ ತುಕ್ಕು ತಿಂದ ತಗಡು ಕಾಗದದಂತೆ ತೂತಾಗುತ್ತದೆ ಎಂದು ಅವರ ಅನುಭವ.

ಸೋರುವ ಜಾಗ ಮೇಲೆ ಬರುವಂತೆ ಟ್ಯಾಂಕನ್ನು ವಾರೆ ಮಾಡಿ, ಅಲ್ಲಿಗೆ ಒಂದು ಅಂಗುಲ ಕೆಳಗಿನವರೆಗೂ ನೀರು ತುಂಬಿಸಿದರು. ಬೆಂಕಿ ಹತ್ತಿರವಿರಬಾರದು, ಕುಲುಮೆ ಹತ್ತು ಮಾರು ದೂರ. ತಾಮ್ರದ ತುಂಡನ್ನು ಅಲ್ಲಿ ಕಾಯಿಸಿ ಇಲ್ಲಿಗೆ ಓಡಿ ತರುವುದು ಅವರ ಮೊಮ್ಮಗನ ಕೆಲಸ. ತೂತಿನ ಸುತ್ತ ಉಕ್ಕು ಹೊಳೆಯುವವರೆಗೆ ಕೆರೆದು, ಮೊದಲು ತಗಡಿಗೆ ತವರ ಹತ್ತಿಸಿ, ಅದೇ ರೀತಿ ತೇಪೆಗೂ ಹತ್ತಿಸಿ, ಎರಡನ್ನೂ ಕೂಡಿಸಿದರು. ಹಳೆಯ ತೇಪೆಯನ್ನು ಮುಟ್ಟಲಿಲ್ಲ. ಅದರ ಮೇಲೂ ಬಣ್ಣ ಬಳಿಯಲೇ ಎಂದು ಹುಡುಗ ಕೇಳಿದ. ತಳಕ್ಕೆ ಬಣ್ಣ ಬೇಡ, ಬಣ್ಣವಿಲ್ಲದ ವಾರ್ನಿಷ್ ಸಾಕು ಎಂದೆ.

ನೀರು ತುಂಬಿಸಿ ನೋಡಿ ಸೋರಲಿಲ್ಲವೆಂದು ನಾನು ಎತ್ತಿಕೊಳ್ಳಹೋದೆ. ಚಾಚಾ ತಡೆದರು. ನೀರು ಚೆಲ್ಲಿ, ಟ್ಯಾಂಕು ಒಣಗಿಸಿ, ಬೆಸುಗೆಯ ಹೊರಗೆಲ್ಲ ಸೀಮೆಸುಣ್ಣವನ್ನು ಕಲಸಿ ಬಳಿದು, ಒಳಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರು. ಕೂದಲೆಳೆಯಷ್ಟು ಬಿರುಕಿದ್ದರೂ ಸೀಮೆಎಣ್ಣೆ ಹರಿದು ಬಂದು ಬಿಳಿಯ ಸುಣ್ಣದ ಮೇಲೆ ಕಲೆ ಕಟ್ಟುತ್ತದೆ. ಬೆಳಿಗ್ಗೆ ಕಚೇರಿಗೆ ಅರ್ಧ ದಿನದ ರಜೆ ಹಾಕಿ ಹೋಗಿ ನೋಡಿದೆ. ಹೊಸ ತೇಪೆಯ ಒಂದು ಅಂಚಿನಲ್ಲಿ ಸಾಸಿವೆಯಷ್ಟು ಕಲೆಯಿತ್ತು. ಚಾಚಾ ಏನೂ ಮಾತಾಡದೆ ಮತ್ತೆ ತೊಳೆದು, ಮತ್ತೆ ನೀರು ತುಂಬಿಸಿ, ಮತ್ತೆ ತವರ ಎಳೆದರು. ಎರಡನೆಯ ಬೆಳಿಗ್ಗೆ ಸುಣ್ಣ ಎಲ್ಲ ಕಡೆ ಬೆಳ್ಳಗಿತ್ತು, ಅಪ್ಪನ ತೇಪೆಯ ಮೇಲೂ.

ಈಗ ತಿಂಗಳಿಗೊಮ್ಮೆ ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ನೀರು ಬೇರೆಯಾಗಿದೆಯೇ ಎಂದು ನೋಡುತ್ತೇನೆ. ಸೊಸೈಟಿಯ ಫಲಕದ ಮೇಲೆ ನೋಟೀಸು ಮಾತ್ರ ಹಾಗೆಯೇ ಇದೆ. ಅದನ್ನು ತೆಗೆಯಿಸಬೇಕೆಂದು ಲಿಖಿತ ಅರ್ಜಿ ಕೊಟ್ಟಿದ್ದೇನೆ, ಪರಿಶೀಲನೆಯಲ್ಲಿದೆಯಂತೆ.